ತಿಥಿಯಡುಗೆಗೆ ಬಾರದ ಮೆಣಸಿನಕಾಯಿ

ಗೆಳೆಯರೇ, ಇವತ್ತು ಗೆದ್ದೆ! ಎಂ.ಎ. ಸ್ಪ್ಯಾನಿಷ್ ತರಗತಿಯಲ್ಲಿ ಪ್ರೊಫೆಸರು, ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊಗಳನ್ನು ಅಮೆರಿಕದಿಂದ ಮೊದಲು ಹೊತ್ತು ತಂದದ್ದು ಸ್ಪೇನಿನ ಹಡಗುಗಳು ಎಂದರು. ಗುಂಟೂರಿನ ಗೆಳತಿ ಸಿಡಿದಳು: "ಮಿರಪಕಾಯ ಮಾದೇ ಸಾರ್!" ಮೆಣಸಿನಕಾಯಿ ನಮ್ಮದೇ ಅಂತೆ.

ನಾನು ಎದ್ದು ನಿಂತೆ. "ನಮ್ಮ ಮನೆಯ ತಿಥಿಯಡುಗೆಗೆ ಇವು ಮೂರೂ ನಿಷಿದ್ಧ ಸರ್. ಖಾರಕ್ಕೆ ಕರಿಮೆಣಸೇ. ಹೊರಗಿನಿಂದ ಬಂದವೆಂದು ಅಜ್ಜಿ ಒಳಗೆ ಬಿಡುವುದಿಲ್ಲ."

ಪ್ರೊಫೆಸರು ಮೇಜು ಕುಟ್ಟಿದರು. "ಇದೇ ನಿನ್ನ ಪ್ರಬಂಧದ ವಿಷಯ!"

ನಾರಾಯಣಗೂಡದ ಮನೆಗೆ ಓಡಿಬಂದು ಅಜ್ಜಿಗೆ ಹೇಳಿದೆ. ಸ್ಪ್ಯಾನಿಷ್ ಓದಿ ಏನು ಮಾಡುತ್ತೀ ಎಂದು ವರ್ಷದಿಂದ ಗೊಣಗುತ್ತಿದ್ದಾಕೆ ತಲೆಯೆತ್ತಲೂ ಇಲ್ಲ. "ಇದನ್ನ ತಿಳ್ಕೊಳ್ಳಲಿಕ್ಕೆ ಅಷ್ಟು ದೂರ ಯಾಕ ಹೋಗಬೇಕಿತ್ತು? ನನ್ನ ಕೇಳಿದ್ರ ಹೇಳ್ತಿದ್ದಿಲ್ಲೇನು?"

ಆಕರಗ್ರಂಥಗಳ ಪಟ್ಟಿಯಲ್ಲಿ ಈಗ ಅಜ್ಜಿಯೇ ಮೊದಲು. ಮಡಿಯಲ್ಲಿದ್ದಾಗ ಮಾತ್ರ ಮುಟ್ಟುವಂತಿಲ್ಲ.