ಒದ್ದೆಯಾಗಿದ್ದ ಪ್ಲಗ್ಗು

ಮಸ್ಕಿಯಲ್ಲಿ ನನ್ನ ಅಣ್ಣನದೊಂದು ಗ್ಯಾರೇಜು. ಹೋದ ವರ್ಷ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಮಲಗಿದ್ದ. ಎದ್ದು ಓಡಾಡುವಂತಾದ ಮೇಲೂ ಗಿರಾಕಿಗಳು ಆ ಕಡೆ ಸುಳಿಯಲಿಲ್ಲ. ತಲೆಗೆ ಪೆಟ್ಟು ತಿಂದವನ ಕೈಗೆ ಗಾಡಿ ಕೊಡುವುದು ಹೇಗೆ ಎಂದು ಚಹಾದಂಗಡಿಯಲ್ಲಿ ಕೂತು ಮಾತಾಡಿಕೊಳ್ಳುತ್ತಿದ್ದರು. ಮೊದಲೆಲ್ಲ ಗಾಡಿಯನ್ನು ಅವನೇ ಮುಟ್ಟಬೇಕೆಂದು ಬಾಗಿಲು ಕಾಯುತ್ತಿದ್ದದ್ದೂ ಇದೇ ಜನ. ಕೇಳಿ ನನಗೆ ಮೈ ಉರಿಯಿತು. ಲಿಂಗಸುಗೂರಿನಿಂದ ನನ್ನ ಹಳೆಯ ಪೆಟ್ರೋಲ್ ಕಾರು ತಂದು, ಇಂಜಿನ್ ಪೂರ್ತಿ ಬಿಚ್ಚಿ ಕಟ್ಟು ಎಂದು ಅವನ ಮುಂದೆ ನಿಲ್ಲಿಸಿದೆ. ಅದು ಮಸ್ಕಿಯ ಬಜಾರಿನಲ್ಲಿ ಓಡಿದರೆ ಗ್ಯಾರೇಜು ಉಳಿಯುತ್ತಿತ್ತು, ಇಲ್ಲದಿದ್ದರೆ ಮುಚ್ಚಬೇಕಿತ್ತು.

ಸಿಂಧನೂರಿನಲ್ಲಿ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ ತಂದು, ಅಣ್ಣ ಒಬ್ಬನೇ ಕೂತು ಎಲ್ಲವನ್ನೂ ಜೋಡಿಸಿದ. ಸ್ಟಾರ್ಟ್ ಮಾಡುವ ದಿನ ಬೆಳಿಗ್ಗೆ ಅತ್ತಿಗೆ ಬಾನೆಟ್ಟಿಗೆ ವಿಭೂತಿ ಹಚ್ಚಿದರು. ನಾನು ಕೀ ತಿರುವಿದೆ. ಇಂಜಿನ್ ಗರಗರ ತಿರುಗಿತು, ಹತ್ತಲಿಲ್ಲ.

ಅಣ್ಣ ಪ್ಲಗ್ಗು ಬಿಚ್ಚಿ ನೋಡಿದ. ಕಿಡಿ ಬರುತ್ತಿತ್ತು. ತುದಿ ಒದ್ದೆಯಾಗಿತ್ತು. ಹೊಸದಾಗಿ ಕಟ್ಟಿದ ಇಂಜಿನ್‌ನಲ್ಲಿ ಆ ಒದ್ದೆ ಎಣ್ಣೆಯದಿರಬಹುದು, ಪೆಟ್ರೋಲಿನದೂ ಇರಬಹುದು. ಮೂಸಿ ನೋಡಿದರೆ ತಿಳಿಯುತ್ತದೆ. ಅವನೂ ಮೂಸಿದ, ತುಸು ಹೆಚ್ಚು ಹೊತ್ತೇ ಮೂಗಿನ ಹತ್ತಿರ ಹಿಡಿದಿದ್ದ. ಬರೀ ಎಣ್ಣೆ, ಪೆಟ್ರೋಲ್ ಒಳಗೆ ಹೋಗುತ್ತಿಲ್ಲ ಎಂದ.

ಸೀಟಿನಲ್ಲಿ ಕೂತ ನನಗೆ ಪೆಟ್ರೋಲಿನ ಘಾಟು ಬಡಿಯುತ್ತಿತ್ತು. ಗ್ಯಾರೇಜಿನಲ್ಲಿ ಅದಲ್ಲದೆ ಮಲ್ಲಿಗೆ ಘಮಘಮಿಸುತ್ತದೆಯೇ ಎಂದುಕೊಂಡು ಸುಮ್ಮನಾದೆ. ಇಂಜಿನ್ ವಿಷಯದಲ್ಲಿ ಅವನ ಮಾತಿಗೆ ನಮ್ಮ ಮನೆಯಲ್ಲಿ ಯಾರೂ ಎದುರಾಡಿದವರಲ್ಲ.

ಆಮೇಲೆ ಫಿಲ್ಟರ್ ಬದಲಿಸಿದ, ಪೈಪು ಊದಿದ. ಪೈಪಿನ ತುದಿಗೆ ಪೆಟ್ರೋಲ್ ಬಂದದ್ದು ಕಂಡಾಗ ಕಾರ್ಬೊರೇಟರಿನದೇ ತಪ್ಪು ಎಂದು ಅದನ್ನೂ ಕಳಚಿ ತೊಳೆದು ಕೂಡಿಸಿದ. ಪ್ರತಿ ಸಲವೂ ಪ್ಲಗ್ಗು ಮೂಸಿ ತಲೆ ಅಲ್ಲಾಡಿಸಿದ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಹಳೆಯ ಗಿರಾಕಿಯೊಬ್ಬ ಇಣುಕಿ, ಇನ್ನೂ ಹತ್ತಲಿಲ್ಲವೇ ಎಂದು ಕಾಳಜಿಯ ದನಿ ತೆಗೆದು ಕೇಳಿದ. ಅವನ ನಾಲಿಗೆ ಸೇದಿಹೋಗಲಿ ಎನ್ನಿಸಿತು.

ಮಧ್ಯಾಹ್ನ ಅಣ್ಣ ಸೋತು, ಕಾರಿನ ಮುಂದೆಯೇ ಕುಕ್ಕರಗಾಲಲ್ಲಿ ಕೂತ. ಅವನ ಬೆನ್ನ ಹಿಂದೆ ಇಂಜಿನ್‌ನಿಂದ ಪೆಟ್ರೋಲ್ ತೊಟ್ಟಿಕ್ಕಿ ನೆಲ ನೆನೆದಿತ್ತು. ಅವನು ಬೀಡಿ ತುಟಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದ. ಪೆಟ್ರೋಲ್ ನಾರುವಲ್ಲಿ ಬೀಡಿ ಹಚ್ಚಿದವರ ಕಪಾಳಕ್ಕೆ ಬಿಗಿದ ಮನುಷ್ಯ ಅವನು. ನಾನು ಹಾರಿ ಹೋಗಿ ಕಡ್ಡಿಪೆಟ್ಟಿಗೆ ಕಸಿದುಕೊಂಡೆ.

“ಅಣ್ಣಾ, ಪೆಟ್ರೋಲ್ ಸೋರಾಕತ್ತೈತಿ. ಇಷ್ಟು ನಾರಾಕತ್ತೈತಿ, ಗೊತ್ತಾಗವಲ್ದೇನು?”

ಅವನು ತಿರುಗಿ ನೆಲ ನೋಡಿದ. ಆಮೇಲೆ ನನ್ನನ್ನು ನೋಡಿದ.

“ಯಾವಾಗಿಂದ ನಾರಾಕತ್ತೈತಿ?”

“ಮುಂಜಾನಿಂದ.”

ಅತ್ತಿಗೆ, ಬಿದ್ದಾಗಿನಿಂದ ಇವರು ಪಕ್ಕದಲ್ಲೇ ಅನ್ನ ಸೀದರೂ ಹಾಗೇ ಕೂತಿರುತ್ತಾರೆ, ಮನಸ್ಸು ಎಲ್ಲೋ ಇದೆ ಎಂದುಕೊಂಡಿದ್ದೆ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಣ್ಣ ಮೂಗನ್ನು ಮುಟ್ಟಿ ನೋಡಿಕೊಂಡ.

ಪ್ಲಗ್ಗಿನ ಒದ್ದೆಯೂ ಪೆಟ್ರೋಲಿನದೇ, ಅದು ಒಳಗೆ ಹೋಗುತ್ತಿದೆ ಎಂದಾದ ಮೇಲೆ ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೋರುತ್ತಿದ್ದ ಪೈಪು ಬಿಗಿದ, ನೆಲಕ್ಕೆ ಮಣ್ಣು ಹಾಕಿದ, ಪ್ಲಗ್ಗುಗಳನ್ನು ಒರೆಸಿ ಒಣಗಿಸಿದ. ಪ್ಲಗ್ಗುಗಳಿಗೆ ಕರೆಂಟು ಒಯ್ಯುವ ವೈರುಗಳ ಮೇಲೆ ಬೆರಳಾಡಿಸುತ್ತ ಹೋದ. ಒಂದರ ಜಾಗದಲ್ಲಿ ಇನ್ನೊಂದು ಕೂತಿತ್ತು. ಸರಿಯಾಗಿ ಹಾಕಿ, ನನಗೆ ಕೀ ತಿರುವಲು ಹೇಳಿದ. ಇಂಜಿನ್ ತಟ್ಟನೆ ಹತ್ತಿತು. ಎಷ್ಟು ಚೆನ್ನಾಗಿ ಓಡುತ್ತಿತ್ತೆಂದರೆ, ಆಗಿಂದಾಗಲೇ ಹಾರ್ನ್ ಬಾರಿಸುತ್ತ ಬಜಾರು ಸುತ್ತಿಸಬೇಕೆಂದು ಗೇರ್ ಹಾಕಲು ಹೋದೆ.

ಅಣ್ಣ ಕಿಟಕಿಯಿಂದ ಕೈ ತೂರಿಸಿ ಇಂಜಿನ್ ಆರಿಸಿದ.

“ಹಂಗ ಓಡಿಸಬ್ಯಾಡ. ಸಿಂಧನೂರಿಂದ ಯಾರನ್ನಾರ ಕರಸಿ ತೋರಿಸು. ಇನ್ನೆಲ್ಲ್ಯಾರ ಸೋರಾಕತ್ತಿದ್ರ ನನಗ ಗೊತ್ತಾಗಂಗಿಲ್ಲ.”