ಊಹೆ ತಪ್ಪಿದವರೇ ಸೆಕ್ರೆಟರಿ

ಏಳು ಸಮುದ್ರದಾಚೆಯ, ಮುಖವನ್ನೇ ನೋಡಿರದ ಒಬ್ಬ ಸೌಂಡ್ ಎಂಜಿನಿಯರ್ ಗೆಲ್ಲಲಿ ಅಂತ ನೀವು ಯಾವತ್ತಾದರೂ ದೇವರಿಗೆ ತುಪ್ಪದ ದೀಪ ಹಚ್ಚಿದ್ದೀರಾ?

ನಮ್ಮ ಬಿಲ್ಡಿಂಗಿನ ಸರಳಮ್ಮ ಹಚ್ಚಿದರು. ಮೊನ್ನೆ ಸೋಮವಾರ ಬೆಳಿಗ್ಗೆ, ಹಾಲಿನವನು ಬರುವುದಕ್ಕೂ ಮೊದಲು. ಸರಳಮ್ಮನವರಿಗೆ ಎಪ್ಪತ್ತು ದಾಟಿದೆ. ಥಿಯೇಟರಿಗೆ ಹೋಗಿ ಸಿನಿಮಾ ನೋಡಿದ್ದು ಮಗಳ ಬಾಣಂತನಕ್ಕಿಂತ ಹಿಂದೆ. ಆ ಬಾಣಂತನದಲ್ಲಿ ಹುಟ್ಟಿದ ಮೊಮ್ಮಗನಿಗೆ ಈಗ ಹೆಣ್ಣು ನೋಡುತ್ತಿದ್ದಾರೆ. ಇಂಗ್ಲಿಷ್ ಸಿನಿಮಾ ಅಂದರೆ ಅವರ ಪ್ರಕಾರ ರಿಮೋಟ್ ಕೈಯಲ್ಲಿ ಹಿಡಿದುಕೊಂಡೇ ನೋಡಬೇಕಾದ ವಸ್ತು. (ಯಾವ ಕ್ಷಣದಲ್ಲಿ ಏನು ಬರುತ್ತದೋ ಹೇಳಲಾಗದು.)

ಅಂಥವರು ಹಾಲಿವುಡ್ಡಿನ ಆ ದೊಡ್ಡ ಪ್ರಶಸ್ತಿ ಸಮಾರಂಭಕ್ಕೆ (ಕತ್ತಿ ಹಿಡಿದ ಚಿನ್ನದ ಗೊಂಬೆ ಕೊಡುತ್ತಾರಲ್ಲ, ಅದೇ) ತಲೆಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು ಟಿವಿ ಮುಂದೆ ಕೂರುವಂತಾಗಿದ್ದು ಯಾಕೆ? ಉತ್ತರ ಚಿಕ್ಕದು. ನಮ್ಮ ಬಿಲ್ಡಿಂಗಿಗೊಬ್ಬ ಸೆಕ್ರೆಟರಿ ಬೇಕಿತ್ತು.

ನಮ್ಮದು ಬಿಳೇಕಹಳ್ಳಿಯ ಹನ್ನೆರಡು ಮನೆಗಳ ಬಿಲ್ಡಿಂಗ್. (ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಕದಲ್ಲಿ ಜೆ.ಪಿ. ನಗರ ಅಂತಿತ್ತು. ಕೊರಿಯರ್‌ನವರಿಗೆ ಬಿ.ಟಿ.ಎಂ. ಅನ್ನುತ್ತೇವೆ. ಗಂಡಿನ ಕಡೆಯವರು ಕೇಳಿದರೆ ಜಯನಗರದ ಹತ್ತಿರ.) ಲಿಫ್ಟ್ ಇದೆ, ಜನರೇಟರ್ ಇದೆ, ತಾರಸಿಯಲ್ಲಿ ನಾಲ್ಕು ಗುಲಾಬಿ ಗಿಡಗಳಿವೆ. ನೀರಿಲ್ಲ. ನೀರಿಗೆ ಟ್ಯಾಂಕರ್ ಇದೆ, ಟ್ಯಾಂಕರಿಗೆ ಫೋನ್ ಮಾಡಲು ಸೆಕ್ರೆಟರಿ ಇದ್ದಾರೆ.

ಸೆಕ್ರೆಟರಿ ಆದವರ ಪಾಡು ನಿಮಗೆ ಗೊತ್ತಿರಬೇಕು. ಟ್ಯಾಂಕರ್ ಬಂತಾ? ಲಿಫ್ಟ್ ಯಾಕೆ ನರಳುತ್ತಿದೆ? ಮೇಲಿನ ಮನೆಯವರು ಒಣಹಾಕಿದ ಸೀರೆಯ ನೀರು ನನ್ನ ಕಾರಿನ ಮೇಲೆ ಯಾಕೆ ತೊಟ್ಟಿಕ್ಕಬೇಕು? ಸಂಬಳವಿಲ್ಲ, ರಜೆಯಿಲ್ಲ, ಶತ್ರುಗಳು ಮಾತ್ರ ಧಾರಾಳವಾಗಿ ಸಿಗುತ್ತಾರೆ. ನಾನು ಬೆಳಗಿನ ಹೊತ್ತು ಬರೆಯುವವಳು. ಟ್ಯಾಂಕರ್ ವಿಚಾರಣೆಗಳು ಶುರುವಾಗುವುದೂ ಆ ಹೊತ್ತಿಗೇ. ನಾನು ಸೆಕ್ರೆಟರಿಯಾದರೆ ಈ ಅಂಕಣಕ್ಕೆ ಎಳ್ಳುನೀರು ಬಿಟ್ಟಂತೆಯೇ. ಏನು ಬೇಕಾದರೂ ಆಗಲಿ, ಅದೊಂದು ಬೇಡ ಎಂದು ಈ ಬಿಲ್ಡಿಂಗಿಗೆ ಬಂದ ದಿನವೇ ತೀರ್ಮಾನಿಸಿದ್ದೆ.

ನಮ್ಮಲ್ಲಿ ಆಯ್ಕೆಯ ಪದ್ಧತಿ ಬಹಳ ಸುಲಭದ್ದು. ವಾರ್ಷಿಕ ಸಭೆಗೆ ಯಾರು ಬರುವುದಿಲ್ಲವೋ ಅವರೇ ಸರ್ವಾನುಮತದಿಂದ ಆಯ್ಕೆ. ನಿವೃತ್ತ ಎಂಜಿನಿಯರ್ ಶ್ರೀಕಂಠಯ್ಯನವರು ಹೀಗೇ ಸಿಕ್ಕಿಬಿದ್ದದ್ದು. ನಾಲ್ಕು ವರ್ಷದ ಹಿಂದೆ ವಸಂತಪುರದಲ್ಲಿ ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಎಲೆಯ ಮುಂದೆ ಕೂತಿದ್ದಾಗ ಅಭಿನಂದನೆಯ ಮೆಸೇಜುಗಳು ಬಂದವು. ಪಾಪ, ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲವಂತೆ.

ಅಲ್ಲಿಂದಾಚೆಗೆ ನಮ್ಮ ಸಭೆ ತಪ್ಪಿಸಿಕೊಂಡವರೇ ಇಲ್ಲ. ಜ್ವರ ಬಂದವರೂ ಶಾಲು ಹೊದ್ದು ಬರುತ್ತಾರೆ. ಒಂದು ವರ್ಷ ಚೀಟಿ ಎತ್ತಿದೆವು. ಶ್ರೀಕಂಠಯ್ಯನವರ ಹೆಸರೇ ಬಂತು. ಉಳಿದ ಚೀಟಿಗಳನ್ನೂ ಅವರು ಬಿಡಿಸಿ ನೋಡಿದರು. ಎಲ್ಲದರಲ್ಲೂ ಅವರದೇ ಹೆಸರು. (ಯಾರು ಬರೆದದ್ದು ಎಂದು ಕೇಳಬೇಡಿ. ಕೈಬರಹ ಹನ್ನೊಂದು ಥರ ಇತ್ತು.)

ಈ ವರ್ಷ ಅವರು ಪಂಪ್ ರೂಮಿನ ಕೀಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ಇನ್ನು ಮುಟ್ಟುವುದಿಲ್ಲ ಎಂದರು. ಸಭೆಯಲ್ಲಿ ಹನ್ನೆರಡೂ ಮನೆಯವರು ಹಾಜರು. ಎಲ್ಲರೂ ಕೀಯನ್ನು ಹಾವು ನೋಡಿದಂತೆ ನೋಡುತ್ತಿದ್ದೆವು.

ಆಗ ಎದ್ದವರು ಎರಡನೇ ಮಹಡಿಯ ಬಸವರಾಜ್. ಗದಗಿನ ಕಡೆಯವರು, ಬಾಡಿಗೆದಾರರು, ಯಾವುದೋ ಕಂಪನಿಯಲ್ಲಿ ಕೆಲಸ. ಅವರ ಆಫೀಸಿನಲ್ಲಿ ಪ್ರತಿವರ್ಷ ಈ ಸಿನಿಮಾ ಪ್ರಶಸ್ತಿ ಯಾರಿಗೆ ಬರುತ್ತದೆಂದು ಊಹಿಸುವ ಆಟ ಆಡುತ್ತಾರಂತೆ. ನಾವೂ ಹಾಗೇ ಮಾಡೋಣ, ಎಂಟು ವಿಭಾಗಗಳಿಗೆ ಮನೆಗೊಂದು ಊಹೆ, ಯಾರದು ಎಲ್ಲರಿಗಿಂತ ಕಡಿಮೆ ಸರಿಯಾಗುತ್ತದೋ ಅವರೇ ಸೆಕ್ರೆಟರಿ ಎಂದರು. ಇದಕ್ಕೂ ನಮ್ಮ ನೀರಿನ ಸಂಪಿಗೂ ಏನು ಸಂಬಂಧ ಎಂದು ಯಾರೋ ಕೇಳಿದರು.

“ಸಂಬಂಧ ಇರಬಾರ್ದ್ರೀ, ಅದಕ್ಕಽ ಛಲೋ. ಅಲ್ಲಿ ಯಾರ ವಶೀಲಿನೂ ನಡ್ಯಂಗಿಲ್ಲ.”

ಇಷ್ಟು ನ್ಯಾಯವಾದ ಮಾತನ್ನು ಆ ಸಭೆ ಅದುವರೆಗೆ ಕೇಳಿರಲಿಲ್ಲ. ಎಲ್ಲರೂ ಕೈಯೆತ್ತಿದರು. ಶ್ರೀಕಂಠಯ್ಯ ಎರಡೂ ಕೈ ಎತ್ತಿದರು.

ನಾನೋ, ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಯಾಕೆಂದರೆ, ಹಳೆಯ ಓದುಗರಿಗೆ ನೆನಪಿರಬಹುದು, ಈ ಅಂಕಣಕ್ಕೆ ಮೊದಲು ನಾನು ವರ್ಷಗಟ್ಟಲೆ ಸಿನಿಮಾ ವಿಮರ್ಶೆ ಬರೆದವಳು. ಇಡೀ ಬಿಲ್ಡಿಂಗಿನಲ್ಲಿ ಆ ಸಿನಿಮಾಗಳನ್ನು ನೋಡಿದವಳು ನಾನೊಬ್ಬಳೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. “ನೀನು ಹೊಗಳಿದ ಸಿನಿಮಾ ಯಾವತ್ತಾದ್ರೂ ಎರಡನೇ ವಾರ ಓಡಿದ್ಯಾ?” ಎಂದಷ್ಟೇ ಕೇಳಿದರು. ಮದುವೆಯಾದವರಿಗೆ ವಿಮರ್ಶಕರ ಕೊರತೆ ಇರುವುದಿಲ್ಲ.

ಮರುದಿನದಿಂದ ನಮ್ಮ ಮನೆಯ ಕಾಲಿಂಗ್ ಬೆಲ್‌ಗೆ ಬಿಡುವಿಲ್ಲ. ಮೊದಲು ಬಂದವರು ಸರಳಮ್ಮ, ಒಂದು ಡಬ್ಬಿ ನಿಪ್ಪಟ್ಟಿನೊಂದಿಗೆ. ಅವರು ಅದಾಗಲೇ ದೇವರ ಮನೆಯಲ್ಲಿ ಬನಶಂಕರಿ ಅಮ್ಮನವರ ಫೋಟೋಗೆ ಹೂವಿಟ್ಟು ಪ್ರಸಾದ ಕೇಳಿದ್ದರು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಅತ್ಯುತ್ತಮ ಧ್ವನಿಗೆ ಐದು ಸಿನಿಮಾಗಳ ಹೆಸರು ಹೇಳಿ ಐದು ಸಲ ಕೇಳಿದರಂತೆ. ಅಮ್ಮನವರು ಐದಕ್ಕೂ ಬಲಗಡೆಯೇ ಕೊಟ್ಟರಂತೆ. ತಾಯಿಗೆ ಎಲ್ಲ ಮಕ್ಕಳೂ ಒಂದೇ ತಾನೇ? ಹಾಗಾಗಿ ನನ್ನ ಹತ್ತಿರ ಬಂದಿದ್ದರು.

“ಮಂಡಿನೋವು ಕಣಮ್ಮ ನಂಗೆ. ಸಂಪು, ಮೋಟ್ರು ಅಂತ ಓಡಾಡೋಕೆ ಎಲ್ಲಾಗುತ್ತೆ? ನೀನೇ ಒಂದ್ ಹೆಸರು ಹೇಳು.”

ಇಲ್ಲಿ ನಾನೊಂದು ಕೆಲಸ ಮಾಡಿದೆ. ಯೋಚಿಸಿ ನೋಡಿ, ನನ್ನ ಉತ್ತರಗಳನ್ನೇ ಎಲ್ಲರಿಗೂ ಹೇಳಿದರೆ ಹನ್ನೆರಡು ಮನೆಗೂ ಒಂದೇ ಮಾರ್ಕ್ಸ್. ಮತ್ತೆ ಚೀಟಿ ಎತ್ತಬೇಕು. ಈ ಸಲದ ಚೀಟಿಗಳಲ್ಲಿ ನನ್ನ ಹೆಸರೇ ತುಂಬಿರುವುದಿಲ್ಲ ಎಂದು ಏನು ಗ್ಯಾರಂಟಿ? ಆದ್ದರಿಂದ ಗೆಲ್ಲುವ ಕುದುರೆಗಳನ್ನೆಲ್ಲ ನನಗಿಟ್ಟುಕೊಂಡು, ಜನ್ಮದಲ್ಲಿ ಗೆಲ್ಲದವನ್ನು ಅವರಿವರಿಗೆ ಹಂಚಿದೆ. ಸರಳಮ್ಮನಿಗೆ ಧ್ವನಿ ವಿಭಾಗದಲ್ಲಿ ಹಿಮದ ಸಿನಿಮಾ ಕೊಟ್ಟೆ. ಎರಡು ಗಂಟೆ ಗಾಳಿ ಬೀಸುವುದನ್ನು ಬಿಟ್ಟರೆ ಅದರಲ್ಲಿ ಬೇರೇನೂ ಕೇಳಿಸುವುದಿಲ್ಲ. ಹೆಸರು ಬರೆದುಕೊಟ್ಟ ಚೀಟಿಯನ್ನು ಅವರು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಹೋದರು.

ಬಸವರಾಜ್ ಶೇಂಗಾ ಹೋಳಿಗೆ ತಂದರು. ಹೋಳಿಗೆ ಸೊಗಸಾಗಿತ್ತು. ಅವರಿಗೆ ಅತ್ಯುತ್ತಮ ಚಿತ್ರಕ್ಕೆ ಕುದುರೆ ಸಿನಿಮಾ ಕೊಟ್ಟೆ. (ಅದರಲ್ಲಿ ಕೊನೆಗೆ ಕುದುರೆ ಮಾತಾಡುತ್ತದೆ. ಅದೂ ಫ್ರೆಂಚ್.) ನಾನು ಮಾತ್ರ ಗಡಿಯಾರ ರಿಪೇರಿಯವನ ಮೂರು ಗಂಟೆಯ ಸಿನಿಮಾಕ್ಕೆ ಅಂಟಿಕೊಂಡೆ. ಅದನ್ನು ನೋಡಿ ಕಣ್ಣೀರು ಹಾಕಿದ್ದೆ. ಬುದ್ಧಿಯಿದ್ದವರು ಯಾರೇ ಆದರೂ ಅದಕ್ಕೇ ಕೊಡಬೇಕು.

ಕೊನೆಗೆ ಶ್ರೀಕಂಠಯ್ಯ ಬಂದರು. ಮಾಜಿ ಸೆಕ್ರೆಟರಿಗೆ ವಿನಾಯಿತಿ ಇರಲಿಲ್ಲ. ಏನೂ ತರಲಿಲ್ಲ, ಏನೂ ಗೋಗರೆಯಲಿಲ್ಲ. ಉಡುಪು ವಿನ್ಯಾಸಕ್ಕೆ ನಾನು ಜೈಲಿನ ಸಿನಿಮಾ ಹೇಳಿದೆ. ಅದರಲ್ಲಿ ಮೊದಲಿಂದ ಕೊನೆಯವರೆಗೆ ಎಲ್ಲರೂ ಒಂದೇ ಬೂದು ಬಣ್ಣದ ಅಂಗಿ ತೊಟ್ಟಿರುತ್ತಾರೆ. ಅವರು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ನನಗೆ ಪಾಪಪ್ರಜ್ಞೆ ಕಾಡಲಿಲ್ಲವೇ ಎಂದು ಕೇಳುತ್ತೀರಾ? ಸ್ವಲ್ಪ ಕಾಡಿತು. ಸರಳಮ್ಮನ ಮಂಡಿ ನೆನಪಾದಾಗ ನಿಪ್ಪಟ್ಟು ಗಂಟಲಿಗೆ ಸಿಕ್ಕಿಕೊಳ್ಳುತ್ತಿತ್ತು. ನೀರು ಕುಡಿದು ನುಂಗಿದೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಬಸವರಾಜ್ ಮನೆಯ ಹಾಲ್‌ನಲ್ಲಿ ಸೇರಿದೆವು. ಅವರ ಮನೆಯವರು ಉಪ್ಪಿಟ್ಟು ಮಾಡಿದ್ದರು. ಟಿವಿಯಲ್ಲಿ ಕೋಟು, ಗೌನು, ಕಣ್ಣೀರು. ಇಲ್ಲಿ ಪಂಚೆ, ನೈಟಿ, ಎದೆಬಡಿತ. ಆ ಸಭಾಂಗಣದಲ್ಲಿ ನಾಮಿನೇಟ್ ಆದವರಿಗಾದರೂ ಇಷ್ಟು ಭಯ ಇತ್ತೋ ಇಲ್ಲವೋ. ಸೋತರೆ ಅವರಿಗೆ ತಪ್ಪುವುದು ಒಂದು ಗೊಂಬೆ. ನಮಗೆ ಬರುವುದು ಪಂಪ್ ರೂಮಿನ ಕೀ.

ಮೊದಲ ಪ್ರಶಸ್ತಿ ಉಡುಪು ವಿನ್ಯಾಸಕ್ಕೆ. ಜೈಲಿನ ಸಿನಿಮಾ.

ನಾನು ನಕ್ಕೆ. ಒಂದು ಸಲ ಎಡವುವುದು ಸಹಜ. ಆಮೇಲೆ ಅತ್ಯುತ್ತಮ ಧ್ವನಿ. ಸರಳಮ್ಮ ಕಣ್ಣು ಮುಚ್ಚಿ ಕೈಮುಗಿದರು. ಹಿಮದ ಸಿನಿಮಾ. ಗಾಳಿ ಬೀಸಿದ್ದಕ್ಕೆ ಚಿನ್ನದ ಗೊಂಬೆ. ಗಡ್ಡದ ಮನುಷ್ಯನೊಬ್ಬ ವೇದಿಕೆಯೇರಿ ತನ್ನಮ್ಮನನ್ನು ನೆನೆದು ಅತ್ತ. ಇಲ್ಲಿ ಸರಳಮ್ಮನೂ ಅತ್ತರು, ನೂರು ವರ್ಷ ಬಾಳಪ್ಪ ಎಂದು ಟಿವಿಗೇ ಆಶೀರ್ವಾದ ಮಾಡಿದರು. ನನ್ನ ಕೈಯಲ್ಲಿದ್ದ ಉಪ್ಪಿಟ್ಟು ತಣ್ಣಗಾಗುತ್ತಿತ್ತು. ನಟ, ನಟಿ, ಸಂಕಲನ, ಒಂದಾದ ಮೇಲೊಂದು, ನಾನು ಕಸವೆಂದು ಎಸೆದದ್ದೆಲ್ಲ ಒಬ್ಬೊಬ್ಬರ ಮನೆಯಲ್ಲಿ ಮಾಣಿಕ್ಯವಾಗಿ ಹೊಳೆಯಿತು. ಕಟ್ಟಕಡೆಗೆ ಅತ್ಯುತ್ತಮ ಚಿತ್ರ. ಮಾತಾಡುವ ಕುದುರೆ. ಬಸವರಾಜ್ ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿಯೇಬಿಟ್ಟರು.

ಎಲ್ಲರಿಗೂ ಒಂದೋ ಎರಡೋ ಸರಿಬಂದಿತ್ತು. ನನಗೆ ಸೊನ್ನೆ.

ಎಲ್ಲರೂ ನನ್ನ ಕಡೆ ತಿರುಗಿದರು. ಸಿಕ್ಕಿಬಿದ್ದೆ, ಇನ್ನು ಮಾನ ಹೋಯಿತು ಎಂದುಕೊಂಡೆ. ಆದರೆ ಸರಳಮ್ಮ ಎದ್ದು ಬಂದು ನನ್ನ ಕೆನ್ನೆ ಸವರಿದರು.

“ಸರಿ ಉತ್ತರನೆಲ್ಲ ನಮಗೆ ಹಂಚಿ, ತಪ್ಪನ್ನೆಲ್ಲ ನೀನೇ ಇಟ್ಕೊಂಡ್ಯಲ್ಲಮ್ಮ. ಈ ಕಾಲದಲ್ಲಿ ಯಾರು ಮಾಡ್ತಾರೆ?”

ಚಪ್ಪಾಳೆ. ಯಾರೋ ಶಾಲು ತಂದು ಹೊದಿಸಿದರು. ನನಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಏನು ಹೇಳುವುದು? ನಾನು ಮೋಸಗಾತಿ ಅನ್ನಬೇಕು, ಇಲ್ಲವೇ ನನಗೆ ಸಿನಿಮಾದ ಗಂಧಗಾಳಿಯೂ ಇಲ್ಲ ಅನ್ನಬೇಕು. ಮೊದಲನೆಯದನ್ನಾದರೂ ಹೇಳುತ್ತಿದ್ದೆನೇನೋ, ಎರಡನೆಯದು ಬಾಯಿಂದ ಬರಲಿಲ್ಲ. ಕೈಮುಗಿದೆ. ತ್ಯಾಗಮಯಿಯರು ಹೇಗೆ ಮುಗಿಯುತ್ತಾರೋ ಹಾಗೆ.

ಸಂಜೆ ಶ್ರೀಕಂಠಯ್ಯ ಕೀ ಕೊಡಲು ಮನೆಗೆ ಬಂದರು. ನನಗೆ ತಡೆಯಲಾಗಲಿಲ್ಲ. ಎಲ್ಲ ಕಕ್ಕಿಬಿಟ್ಟೆ. ಬೇಕೆಂದೇ ತಪ್ಪು ಹೇಳಿದ್ದೆ, ಸರಳಮ್ಮನಿಗೂ ಸುಳ್ಳು ಹೇಳಿದ್ದೆ, ಇಂಥವಳು ಸೆಕ್ರೆಟರಿಯಾಗಲು ಯೋಗ್ಯಳಲ್ಲ, ದಯವಿಟ್ಟು ಈ ಆಯ್ಕೆ ರದ್ದು ಮಾಡಿಸಿ ಎಂದು ಗೋಗರೆದೆ. ನಿಜ ಹೇಳಿಯಾದರೂ ತಪ್ಪಿಸಿಕೊಳ್ಳಬಹುದು ಎಂಬ ಆಸೆ.

ಅವರು ನಿಧಾನವಾಗಿ ಕಾಫಿ ಮುಗಿಸಿದರು.

“ನಂಗೆ ಮೊದ್ಲೇ ಗೊತ್ತಿತ್ತು ಮೇಡಂ. ಎಲ್ಲಾರ್ ಮನೇಲೂ ವಿಚಾರಿಸ್ದೆ. ಹನ್ನೊಂದು ಮನೆಗೆ ಹನ್ನೊಂದು ಥರ ಹೇಳಿದೀರ, ಒಬ್ರಿಗೂ ಡೌಟ್ ಬಂದಿಲ್ಲ. ಈ ಕೆಲ್ಸಕ್ಕೆ ಬೇಕಾಗಿರೋದೇ ಅದು. ನಾಲ್ಕು ವರ್ಷ ನಾನಿನ್ನೇನು ಮಾಡ್ದೆ ಅನ್ಕೊಂಡ್ರಿ?”

ಆಮೇಲೆ ಕೂರಿಸಿಕೊಂಡು ಪಾಠ ಹೇಳಿದರು. ಕೆಳಗಿನ ಮನೆಯವರು ಕೇಳಿದರೆ ಟ್ಯಾಂಕರ್ ಹೊರಟಿದೆ ಅನ್ನಬೇಕು. ಮೊದಲ ಮಹಡಿಗೆ ಸಿಗ್ನಲ್ ದಾಟಿದೆ. ಎರಡನೇ ಮಹಡಿಗೆ ಪಕ್ಕದ ರೋಡಿನಲ್ಲಿ ರಿವರ್ಸ್ ತಗೊಳ್ತಿದೆ. ಸರಳಮ್ಮನಿಗೆ ಮಾತ್ರ ಪೈಪ್ ಹಾಕ್ತಿದ್ದಾರೆ ಅಂದರೆ ಸಮಾಧಾನ. ಹಾಗಾದರೆ ಟ್ಯಾಂಕರ್ ನಿಜವಾಗಿ ಎಲ್ಲಿರುತ್ತದೆ ಎಂದು ಕೇಳಿದೆ. ಟ್ಯಾಂಕರ್‌ನವನು ಇನ್ನೂ ಫೋನನ್ನೇ ಎತ್ತಿರುವುದಿಲ್ಲವಂತೆ.

ಮಂಗಳವಾರ ಬೆಳಿಗ್ಗೆ, ನಾನು ಬರೆಯಲು ಕೂತ ಹೊತ್ತಿಗೆ ಸರಿಯಾಗಿ, ಮೊದಲ ಮಹಡಿಯಿಂದ ಫೋನ್ ಬಂತು. ಸಿಗ್ನಲ್ ದಾಟಿದೆ ಸಾರ್ ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಅವರು ಥ್ಯಾಂಕ್ಸ್ ಹೇಳಿ, ಸೋಪು ಹಚ್ಚಿಕೊಳ್ಳಲು ಹೋದರು.

ಅಂದಹಾಗೆ, ನಿಮ್ಮ ಸೆಕ್ರೆಟರಿ ‘ಟ್ಯಾಂಕರ್ ಹೊರಟಿದೆ’ ಅಂದಾಗ ನೀವೂ ನಂಬುತ್ತೀರಿ, ಅಲ್ಲವೇ?