ಬಣ್ಣ ಬಳಿಯದ ಬಾಲ್ತಸಾರ್

ಪೆನ್ಯಾಲ್ತಾದಲ್ಲಿ ಚಳಿಯೇ ಇಲ್ಲ ಎಂದು ಹೇಳಿ ಕೆಲ್ವಿನ್‌ಗೆ ಕೋಣೆ ಬಾಡಿಗೆಗೆ ಕೊಟ್ಟವನು ದೋನ್ ಫೆರ್ಮಿನ್. ಆ ಮಾತು ಹೇಳುವಾಗ ಅವನ ಮೈಮೇಲೆ ಎರಡು ಸ್ವೆಟರು, ಒಂದು ಕೋಟು, ಕೊರಳಿಗೆ ಉಣ್ಣೆಯ ಮಫ್ಲರು ಇದ್ದವು. ಅವನ ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿದ್ದ ಆ ಕೋಣೆಗೆ ಕಲ್ಲಿನ ಗೋಡೆ, ಕಲ್ಲಿನ ನೆಲ. ನವೆಂಬರ್ ಬರುವಷ್ಟರಲ್ಲಿ ಕೆಲ್ವಿನ್ ಟೋಪಿ ಹಾಕಿಕೊಂಡೇ ಮಲಗುತ್ತಿದ್ದ. ಟ್ರಿನಿಡಾಡ್ ದ್ವೀಪದಲ್ಲಿ ಹುಟ್ಟಿ ಬೆಳೆದವನು ಅವನು. ಸಿಗರೇಟು ಸೇದದೆಯೂ ಬಾಯಿಂದ ಹೊಗೆ ಬರುತ್ತದೆ ಎಂಬುದು ಸ್ಪೇನಿನ ಈ ಊರಿಗೆ ಬಂದ ಮೇಲೆಯೇ ಅವನಿಗೆ ತಿಳಿದದ್ದು.

"ಮನೆಗೆಲ್ಲ ಹೀಟರ್ ಇದ್ಯಲ್ಲ ದೋನ್ ಫೆರ್ಮಿನ್, ಸ್ವಲ್ಪ ಹೊತ್ತು ಹಾಕಬಾರ್ದಾ?" ಎಂದು ಒಮ್ಮೆ ಕೇಳಿ ನೋಡಿದ.

"ಮನೆ ಯಾಕಯ್ಯಾ ಕಾಯಿಸ್ಬೇಕು? ಗೋಡೆಗೆ ಚಳಿ ಆಗತ್ತಾ? ಮನುಷ್ಯರಿಗೆ ತಾನೇ ಆಗೋದು. ಬಾ, ಮೇಜಿನ ಹತ್ರ ಕೂತ್ಕೋ."

ಆ ಮೇಜು ಗುಂಡಗಿತ್ತು. ನೆಲ ಮುಟ್ಟುವಂತೆ ದಪ್ಪ ಬಟ್ಟೆ ಹೊದಿಸಿ, ಒಳಗೆ ಪುಟ್ಟದೊಂದು ಹೀಟರ್ ಇಟ್ಟಿದ್ದರು. ಸಂಜೆಯಾದರೆ ದೋನ್ ಫೆರ್ಮಿನ್, ಅವನ ಹೆಂಡತಿ, ಕೆಲ್ವಿನ್ ಮೂವರೂ ಆ ಬಟ್ಟೆಯನ್ನು ಮಂಡಿಯ ಮೇಲೆ ಎಳೆದುಕೊಂಡು ಬೆಳ್ಳುಳ್ಳಿ ಸೂಪು ಕುಡಿಯುತ್ತಿದ್ದರು. ಸೊಂಟದಿಂದ ಕೆಳಗೆ ಬೇಸಿಗೆ, ಮೇಲೆ ಚಳಿಗಾಲ. ಕಾಲು ಬೇಯುತ್ತಿದ್ದರೂ ಮೂಗು ಸೋರುತ್ತಿತ್ತು.

ಶಾಲೆಯಲ್ಲಿ ಕೆಲ್ವಿನ್‌ನ ಕೆಲಸ ಇಂಗ್ಲಿಷ್ ಸಹಾಯಕನದು. ಸಹಾಯ ಯಾರಿಗೆ ಎಂಬುದನ್ನು ಸರ್ಕಾರ ಸ್ಪಷ್ಟಪಡಿಸಿರಲಿಲ್ಲ. ಇಂಗ್ಲಿಷ್ ಮೇಡಂ ದೋನ್ಯಾ ಬ್ರಿಹಿದಾ ಅವನನ್ನು ಟೇಪ್ ರೆಕಾರ್ಡರಿನಂತೆ ಹಲಗೆಯ ಪಕ್ಕ ನಿಲ್ಲಿಸಿ, "ಕೆಲ್ವಿನ್, ಹೇಳಪ್ಪಾ" ಎನ್ನುತ್ತಿದ್ದಳು. ಅವನು ಹೇಳುತ್ತಿದ್ದ. ಅವಳು ತಲೆ ಅಲ್ಲಾಡಿಸಿ, "ನಿಮ್ಮ ಕಡೆ ಹಾಗಂತೀರೇನೋ, ಸರಿಯಾಗಿ ಹೇಳೋದು ಹೀಗೆ" ಎಂದು ತಿದ್ದುತ್ತಿದ್ದಳು. ಹುಟ್ಟಿದಂದಿನಿಂದ ಇಂಗ್ಲಿಷ್ ಆಡಿಕೊಂಡು ಬಂದವನು ಪೆನ್ಯಾಲ್ತಾದ ಮೇಡಂ ಕೈಯಲ್ಲಿ ಇಂಗ್ಲಿಷ್ ಕಲಿತ. ಸುಮ್ಮನಿದ್ದು ಬಿಡುವುದನ್ನೂ ಕಲಿತ.

ಅವನು ಮನುಷ್ಯನಾಗುತ್ತಿದ್ದುದು ಒಂದನೇ ತರಗತಿಯಲ್ಲಿ ಮಾತ್ರ. ಅಲ್ಲಿ ಮೇಡಂ ಕಾಫಿಗೆ ಹೋಗಿಬಿಡುತ್ತಿದ್ದಳು. ಕೆಲ್ವಿನ್‌ನ ಬಲಗೈ ಕಿರುಬೆರಳು ಎಂದೋ ಕ್ರಿಕೆಟ್ ಚೆಂಡು ಬಡಿದು ಡೊಂಕಾಗಿತ್ತು. ಅವನು ಬೆರಳೆಣಿಸಿ ಐದು ಎಂದರೆ ಕಿರುಬೆರಳು ಕೊಕ್ಕೆಯಂತೆ ನಿಲ್ಲುತ್ತಿತ್ತು. ಇಂಗ್ಲಿಷಿನಲ್ಲಿ ಐದು ಎನ್ನುವುದೇ ಹೀಗೆ ಎಂದು ಮಕ್ಕಳು ತಿಳಿದರು. ಇಡೀ ತರಗತಿ ಕಿರುಬೆರಳು ಮಡಚಿ ಎಣಿಸಲು ಶುರುಮಾಡಿತು. ಆಮೇಲೆ ಅದೇ ಅವರ ನಮಸ್ಕಾರವಾಯಿತು. ರಸ್ತೆಯಲ್ಲಿ ಕಂಡರೆ ಬೆರಳು ಮಡಚಿ ತೋರಿಸಿ ನಗುತ್ತಿದ್ದರು. ಕೆಲ್ವಿನ್‌ಗೆ ಆ ನಗುವಿನ ಮುಂದೆ ಚಳಿ ಮರೆಯುತ್ತಿತ್ತು.

ದೊಡ್ಡವರಿಗೆ ಅವನ ಬೆರಳಿರಲಿ, ಮುಖವೂ ನೆನಪಿರಲಿಲ್ಲ. ಮಂಗಳವಾರದ ಸಂತೆಗೆ ಸೆನೆಗಲ್ ದೇಶದ ಇಬ್ರಾ ಎಂಬವನು ಬೆಲ್ಟು, ಪರ್ಸು ಮಾರಲು ಬರುತ್ತಿದ್ದ. ಕೆಲ್ವಿನ್‌ಗಿಂತ ಒಂದಡಿ ಎತ್ತರ, ಹತ್ತು ವರ್ಷ ದೊಡ್ಡವನು; ಇಬ್ಬರಿಗೂ ಸಮಾನವಾಗಿದ್ದುದು ಕಪ್ಪು ಮೈಬಣ್ಣವೊಂದೇ. ದೋನ್ಯಾ ಬ್ರಿಹಿದಾ ಒಂದು ದಿನ ಅವನ ಮುಂದೆ ನಿಂತು, "ಏನ್ ಕೆಲ್ವಿನ್, ಶಾಲೆಗೆ ಚಕ್ಕರ್ ಹೊಡ್ದು ವ್ಯಾಪಾರಾನಾ?" ಎಂದು ಗದರಿದಳಂತೆ. ಇಬ್ರಾ ಬೇಸರ ಮಾಡಿಕೊಳ್ಳಲಿಲ್ಲ, ಅವಳಿಗೊಂದು ಬೆಲ್ಟು ಮಾರಿ ಕಳಿಸಿದ.

ಡಿಸೆಂಬರಿನಲ್ಲಿ ಊರಿಗೆ ಹೊಟ್ಟೆಯುರಿ ಶುರುವಾಯಿತು. ಜನವರಿ ಐದರ ಸಂಜೆ ಪೂರ್ವದೇಶದ ಮೂವರು ರಾಜರು ಮೆರವಣಿಗೆಯಲ್ಲಿ ಬಂದು ಮಕ್ಕಳಿಗೆ ಮಿಠಾಯಿ ಎರಚಬೇಕು, ಅವರ ಬಯಕೆಗಳನ್ನು ಕೇಳಿಸಿಕೊಳ್ಳಬೇಕು. ಶಿಶು ಯೇಸುವಿಗೆ ಕಾಣಿಕೆ ತಂದಿದ್ದ ಈ ರಾಜರು ಆ ರಾತ್ರಿ ತಮಗೂ ಉಡುಗೊರೆ ಇಟ್ಟು ಹೋಗುತ್ತಾರೆಂದು ಮಕ್ಕಳು ಅವರಿಗೆ ಪತ್ರ ಬರೆಯುತ್ತಾರೆ. ಮೂರನೆಯ ರಾಜ ಬಾಲ್ತಸಾರ್ ಕಪ್ಪು ಬಣ್ಣದವನು. ಪೆನ್ಯಾಲ್ತಾದಲ್ಲಿ, ತಲೆಯಲ್ಲಿ ಕೂದಲಿದ್ದ ಕಾಲದಿಂದಲೂ, ಮುಖಕ್ಕೆ ಮಸಿ ಬಳಿದುಕೊಂಡು ಬಾಲ್ತಸಾರ್ ಆಗುತ್ತಿದ್ದವನು ನಮ್ಮ ದೋನ್ ಫೆರ್ಮಿನ್. ಆದರೆ ಪಕ್ಕದ ಊರಿನವರು ಈ ಸಲ ಇಬ್ರಾನನ್ನು ಮೊದಲೇ ಗೊತ್ತುಮಾಡಿಕೊಂಡುಬಿಟ್ಟಿದ್ದರು. ಪಕ್ಕದೂರಿಗೆ ಅಸಲಿ ರಾಜ, ನಮಗೆ ಮಸಿಯ ರಾಜ ಎಂದರೆ ಊರಿನ ಮಾನ ಉಳಿದೀತೇ? ಹಬ್ಬದ ಉಸ್ತುವಾರಿ ಹೊತ್ತಿದ್ದ ದೋನ್ಯಾ ಬ್ರಿಹಿದಾ ಸುತ್ತಲೂ ಕಣ್ಣಾಡಿಸಿದಳು. ಹಲಗೆಯ ಪಕ್ಕದಲ್ಲೇ ಟೇಪ್ ರೆಕಾರ್ಡರ್ ನಿಂತಿತ್ತು.

"ಮೇಡಂ, ಮಕ್ಕಳಿಗೆ ಗೊತ್ತಾಗಿಬಿಡತ್ತೆ. ಈ ಊರಲ್ಲಿ ನನ್ನನ್ನ ನೋಡ್ದೇ ಇರೋ ಮಗು ಇಲ್ಲ" ಎಂದ ಕೆಲ್ವಿನ್.

"ಗಡ್ಡ ಅಂಟಿಸ್ತೀವಿ, ಕಿರೀಟ ಇಡ್ತೀವಿ, ಯಾರಿಗಪ್ಪಾ ಗೊತ್ತಾಗತ್ತೆ? ಬೇಜಾರು ಮಾಡ್ಕೋಬೇಡ, ದೂರದಿಂದ ನೀವೆಲ್ಲಾ ಒಂದೇ ಥರ ಕಾಣ್ತೀರ."

"ಹತ್ರದಿಂದಾನೂ ಹಾಗೇ ಕಾಣ್ತೀವಿ ಅಲ್ವಾ ಮೇಡಂ?"

"ಹೂಂ ಮತ್ತೆ!" ಎಂದಳು ದೋನ್ಯಾ ಬ್ರಿಹಿದಾ ಖುಷಿಯಾಗಿ. "ಅದಕ್ಕೇ ಹೇಳ್ತಿರೋದು. ಈಗ ಬೇಡ ಅನ್ನಂಗಿಲ್ಲ, ಪೋಸ್ಟರ್ ಅಂಟಿಸಾಗಿದೆ."

ನಿಜ, ಬ್ರೆಡ್ಡಿನ ಅಂಗಡಿಯ ಬಾಗಿಲಲ್ಲೇ ಅಂಟಿಸಿದ್ದರು: ಈ ವರ್ಷ ಅಸಲಿ ಬಾಲ್ತಸಾರ್! ಹಾಗಾದರೆ ಹೋದ ವರ್ಷ ಬಂದವನು ಯಾರು ಎಂದು ಆಗಷ್ಟೇ ಓದಲು ಕಲಿತ ಒಂದು ಮಗು ಕೇಳಿದ್ದರೆ ಸಾಕಿತ್ತು, ಊರಿನ ಗುಟ್ಟೆಲ್ಲ ಬಯಲಾಗುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಡೀ ಊರು ಕಣ್ಣು ಮುಚ್ಚಿಕೊಂಡಿತ್ತು.

ದೋನ್ ಫೆರ್ಮಿನ್ ಮಾತ್ರ ಉರಿದುಹೋದ. ಅವನಿಗೆ ಈ ಸಲ ರಾಜನ ಹಿಂದೆ ಛತ್ರಿ ಹಿಡಿಯುವ ಸೇವಕನ ವೇಷ ಕೊಟ್ಟಿದ್ದರು. ಆ ಸಂಜೆ ಅವನು ಮೇಜಿನ ಕೆಳಗೆ ಕೈ ಹಾಕಿ ಹೀಟರ್ ಆರಿಸಿಬಿಟ್ಟ.

"ರಾಜರಿಗೆ ಚಳಿ ಆಗಲ್ಲ" ಎಂದ.

"ನಾನೇನು ಕೇಳ್ಕೊಂಡೋನಲ್ಲ ದೋನ್ ಫೆರ್ಮಿನ್."

"ಕೇಳ್ಕೊಳ್ದೇನೇ ಸಿಕ್ತಲ್ಲ, ಅದಕ್ಕೇ ಹೊಟ್ಟೆ ಉರಿಯೋದು! ನಿಂಗೇನಯ್ಯಾ, ಮುಖ ತೊಳ್ಕೊಂಡು ಬಂದ್ರೆ ಬಾಲ್ತಸಾರ್. ನಾನು ಎರಡು ಗಂಟೆ ಕನ್ನಡಿ ಮುಂದೆ ಕೂರ್ತಿದ್ದೆ. ಒಂದು ಮಗೂಗಾದ್ರೂ ನಾನು ಫೆರ್ಮಿನ್ ಅಂತ ಗೊತ್ತಾಯ್ತಾ ಇಷ್ಟು ವರ್ಷ? ಅದು ಕಲೆ ಕಣಯ್ಯಾ, ಕಲೆ!"

ಕೆಲ್ವಿನ್‌ಗೆ ಬಿಸಿತುಪ್ಪದ ಪಾಡಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವನನ್ನು ಕೊರೆಯುತ್ತಿದ್ದುದು ದೋನ್ ಫೆರ್ಮಿನ್‌ನ ಸಿಟ್ಟಲ್ಲ, ಅವನ ಮೊಮ್ಮಗಳು ಪಿಲಾರಿನ್. ಒಂದನೇ ತರಗತಿಯ ಆ ಮುಂದಿನ ಹಲ್ಲಿಲ್ಲದ ಪೋರಿ ರಜೆಗೆ ಮುಂಚೆ ಅವನ ಹತ್ತಿರ ಬಂದು, ತಾನು ಬಾಲ್ತಸಾರ್‌ಗೆ ಮಾತ್ರ ಪತ್ರ ಬರೆಯುವುದೆಂದು ಹೇಳಿದ್ದಳು.

"ಬೇರೆ ರಾಜರಿಗೆ ಯಾಕೆ ಬರೆಯಲ್ಲ?"

"ಬಾಲ್ತಸಾರ್‌ಗೆ ಬರೀದಿದ್ರೆ ಬೇಜಾರು ಮಾಡ್ಕೋತಾರೆ" ಎಂದಿದ್ದಳು ಪಿಲಾರಿನ್, ತುಂಬ ಗಂಭೀರವಾಗಿ.

ಅಂಥ ನಂಬಿಕೆಯನ್ನು ತಾನು ಒಡೆಯಬೇಕೇ? ಒಡೆದ ಮೇಲೆ ಯಾವ ಮುಖ ಹೊತ್ತು ಒಂದನೇ ತರಗತಿಗೆ ಹೋಗುವುದು? ಈ ಊರಿನಲ್ಲಿ ಅವನಿಗೆ ಹೋಗಲಿಕ್ಕೆ ಇನ್ನೊಂದು ಜಾಗವೂ ಇರಲಿಲ್ಲ.

ಐದನೇ ತಾರೀಕಿನ ಸಂಜೆ ಮಕ್ಕಳ ಕಿವಿಯನ್ನೇ ಕಿತ್ತುಕೊಂಡು ಹೋಗುವಂಥ ಗಾಳಿ. ಟ್ರ್ಯಾಕ್ಟರ್ ಎಳೆಯುವ ಗಾಡಿಯ ಮೇಲೆ ಜರಿಯ ನಿಲುವಂಗಿ, ಕಣ್ಣಿನವರೆಗೂ ಗಡ್ಡ, ಬಿಳಿ ಕೈಗವಸು ತೊಟ್ಟು ಕೆಲ್ವಿನ್ ಕೂತಿದ್ದ. ಹಿಂದೆ ಛತ್ರಿ ಹಿಡಿದ ದೋನ್ ಫೆರ್ಮಿನ್ ಗೊಣಗುತ್ತಿದ್ದ: "ಬೆನ್ನು ನೆಟ್ಟಗೆ ಮಾಡೋ. ರಾಜ ಹಾಗೆ ನಡುಗ್ತಾನಾ?" ಕೆಳಗೆ ದೊಡ್ಡವರು ಛತ್ರಿಗಳನ್ನು ತಲೆಕೆಳಗಾಗಿ ಬಿಚ್ಚಿ, ಮಕ್ಕಳನ್ನು ಮೊಣಕೈಯಿಂದ ನೂಕಿ ಮಿಠಾಯಿ ಹಿಡಿಯುತ್ತಿದ್ದರು. ವರ್ಷವಿಡೀ ಸಕ್ಕರೆ ಕಾಯಿಲೆ ಎಂದು ಗೋಳಾಡುವವರೇ ಎಲ್ಲರಿಗಿಂತ ಮುಂದೆ ನಿಂತಿದ್ದರು.

ಚರ್ಚಿನ ತಿರುವಿನಲ್ಲಿ ಒಂದನೇ ತರಗತಿ ಸಾಲಾಗಿ ನಿಂತಿತ್ತು. ಕೆಲ್ವಿನ್ ಮುಖ ತಿರುಗಿಸಿ, ಒಂದು ಹಿಡಿ ಮಿಠಾಯಿ ಎಸೆದು ಕೈ ಬೀಸಿದ. ಕೈಗವಸಿನೊಳಗಿನ ಡೊಂಕು ಬೆರಳು ಅವನ ಮಾತು ಕೇಳಲಿಲ್ಲ. ಕೆಳಗಿನ ಸಾಲಿನಲ್ಲಿ ಪುಟ್ಟ ಉಣ್ಣೆ ಕೈಗವಸುಗಳು ಒಂದೊಂದಾಗಿ ಮೇಲೆದ್ದವು. ಎಲ್ಲದರಲ್ಲೂ ಕಿರುಬೆರಳು ಮಡಚಿತ್ತು.

ಗುರುತು ಸಿಕ್ಕಿಬಿಟ್ಟಿತ್ತು. ಆದರೆ ಯಾರೂ ಅಳಲಿಲ್ಲ, ಕೆಲ್ವಿನ್ ಎಂದು ಕೂಗಲೂ ಇಲ್ಲ. ಮಕ್ಕಳು ಬೇರೆಲ್ಲರೊಂದಿಗೆ "ಬಾಲ್ತಸಾರ್! ಬಾಲ್ತಸಾರ್!" ಎಂದು ಕಿರುಚುತ್ತಿದ್ದರು.

ಚೌಕದಲ್ಲಿ ಸಿಂಹಾಸನ ಹಾಕಿದ್ದರು. ಮಕ್ಕಳು ಸರದಿಯಲ್ಲಿ ಬಂದು ರಾಜನ ತೊಡೆಯ ಮೇಲೆ ಕೂತು ಬಯಕೆ ಹೇಳಬೇಕು. ಮೊದಲು ಬಂದವಳು ಪಿಲಾರಿನ್. ಅವನ ಕಿವಿಗೆ ಬಾಯಿಟ್ಟಳು.

"ಹೆದರ್ಕೋಬೇಡಿ ಕೆಲ್ವಿನ್. ನಾವು ಯಾರಿಗೂ ಹೇಳಲ್ಲ."

"ನೀನು... ಬೇಜಾರು ಮಾಡ್ಕೊಂಡಿಲ್ವಾ?"

"ಯಾಕೆ? ನಿಜವಾದ ರಾಜರು ನಾವೆಲ್ಲಾ ಮಲಗಿದ್ಮೇಲೆ ಬರ್ತಾರೆ. ಇದು ದೊಡ್ಡವರ ಆಟ. ನಮಗೆ ಗೊತ್ತು ಅಂತ ಗೊತ್ತಾದ್ರೆ ಅವರು ಅಳ್ತಾರೆ."

"ಹಾಗಾದ್ರೆ ಹೋದ ವರ್ಷ?"

"ತಾತ" ಎಂದಳು ಪಿಲಾರಿನ್, ಅದನ್ನೂ ಕೇಳಬೇಕೇ ಎಂಬಂತೆ. "ತಾತನ ಮಸಿ ನನ್ನ ಬಿಳಿ ಕೋಟಿಗೆಲ್ಲಾ ಹತ್ತಿತ್ತು. ಚಾಕೊಲೇಟು ಅಂತ ಅಮ್ಮಂಗೆ ಸುಳ್ಳು ಹೇಳ್ದೆ."

ಅವಳು ಇಳಿದು ಓಡಿದಳು. ಕೆಳಗೆ ನಿಂತಿದ್ದ ದೋನ್ಯಾ ಬ್ರಿಹಿದಾ ಮುಖವರಳಿಸಿ ಕೂಗಿದಳು: "ನೋಡಿದ್ಯಾ? ಒಬ್ಬರಿಗಾದ್ರೂ ಗೊತ್ತಾಯ್ತಾ? ನಾನು ಹೇಳಿರ್ಲಿಲ್ವಾ!"

ಛತ್ರಿ ಹಿಡಿದ ದೋನ್ ಫೆರ್ಮಿನ್ ಬಗ್ಗಿದ. ಗಾಳಿಯ ಸದ್ದಿನಲ್ಲಿ ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. "ಏನಂದ್ಲಯ್ಯಾ ನನ್ನ ಮೊಮ್ಮಗಳು?" ಎಂದ. ಮುದುಕನ ತುಟಿ ಚಳಿಗೋ ಆಸೆಗೋ ನಡುಗುತ್ತಿತ್ತು.

ಕೆಲ್ವಿನ್ ಅವನ ಮುಖ ನೋಡಿದ. ಸಿಟ್ಟು ತೀರಿಸಿಕೊಳ್ಳಲು ಅವನಿಗೆ ಇಡೀ ಚಳಿಗಾಲದಲ್ಲಿ ಸಿಕ್ಕಿದ್ದ ಒಂದೇ ಅವಕಾಶ ಅದು.

"ಹೋದ ವರ್ಷದ ಬಾಲ್ತಸಾರ್ ಇನ್ನೂ ಚೆನ್ನಾಗಿದ್ರು ಅಂದ್ಲು" ಎಂದ.

ದೋನ್ ಫೆರ್ಮಿನ್ ಛತ್ರಿಯನ್ನು ಎರಡಡಿ ಎತ್ತರಕ್ಕೆ ಎತ್ತಿದ. "ನಾನು ಬಾಯಿ ಬಡ್ಕೊಂಡೆ, ಕೇಳಿದ್ರಾ ಇವರು? ಮಕ್ಕಳ ಕಣ್ಣಿಗೆ ಮಣ್ಣೆರಚೋಕಾಗಲ್ಲ ಕಣಯ್ಯಾ. ಅಸಲಿ ಯಾವುದು ಅಂತ ಅವಕ್ಕೆ ಗೊತ್ತಾಗಿಬಿಡತ್ತೆ!"

ಆ ಸಂಜೆ ಮನೆಗೆ ಬಂದ ಕೂಡಲೇ ಅವನೇ ಮೇಜಿನ ಕೆಳಗೆ ಬಗ್ಗಿ ಹೀಟರ್ ಹಾಕಿದ.